ಸ್ಪೀಡ್‌ಸ್ಟರ್ ಕಟ್ಟಬೇಕು, ಅದರ ತಳಕ್ಕೆ ಯಾವ ಕಾರು ತಗೊಳ್ಳಲಿ?

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದೇನೆ. 1950ರ ದಶಕದ ಪೋರ್ಷೆ 356 ಸ್ಪೀಡ್‌ಸ್ಟರ್ ಅಂದ್ರೆ ಚಿಕ್ಕಂದಿನಿಂದ ಹುಚ್ಚು. ಅಸಲಿ ಕಾರು ಕೊಳ್ಳುವ ಮಾತೇ ಇಲ್ಲ. ಫೈಬರ್ ಬಾಡಿಯ ಕಿಟ್ ತಂದು, ಹಳೇ ಕಾರೊಂದರ ತಳದ ಮೇಲೆ ಕೂರಿಸಿ ರೆಪ್ಲಿಕಾ (ನಕಲು ಕಾರು) ಕಟ್ಟೋಣ ಅಂತಿದ್ದೇನೆ. ಒಂದು ಕಾರು ಹಿಡಿಸುವಷ್ಟು ಗ್ಯಾರೇಜ್ ಇದೆ. ಸ್ಪ್ಯಾನರ್ ಕೆಲಸ ಬರುತ್ತೆ, ವೆಲ್ಡಿಂಗ್ ಬರಲ್ಲ. ಕಿಟ್ ಮಾರುವವರು ತಳಕ್ಕೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಬೇಕು ಅನ್ನುತ್ತಾರೆ. ಸ್ನೇಹಿತರೊಬ್ಬರು "ಬೀಟಲ್ ಸಹವಾಸ ಬೇಡ, ಮಾಜ್ದಾ ಎಂಎಕ್ಸ್-5 ತಗೋ" ಅಂತಾರೆ. ಇನ್ನೊಬ್ಬರ ಮನೆ ಮುಂದೆ ಬಿಎಂಡಬ್ಲ್ಯು ಝಡ್3 ಒಂದು ನಿಂತಿದೆ, ಅಗ್ಗಕ್ಕೆ ಕೊಡ್ತಾರಂತೆ. ಅದರ ಮೇಲೆ ಫೆರಾರಿ 250 ಜಿಟಿಒ ತರಹದ ಬಾಡಿ ಕೂರುತ್ತಂತೆ. ಯಾವುದು ಸರಿ? ಮುಂದೆ ಊರಿಗೆ ವಾಪಸ್ ಬಂದರೆ ಕಾರನ್ನೂ ತರಬಹುದಾ?

ಉತ್ತರ: ನೀವು ಹೇಳಿರುವ ಮೂರನೇ ಕಾರನ್ನು ಮೊದಲು ಪಕ್ಕಕ್ಕಿಡೋಣ. ನಿಮಗೆ ಹುಚ್ಚಿರುವುದು ಸ್ಪೀಡ್‌ಸ್ಟರ್ ಮೇಲೆ. ಜಿಟಿಒ ನಿಮ್ಮ ತಲೆಗೆ ಬಂದದ್ದು ಝಡ್3 ಅಗ್ಗಕ್ಕೆ ಸಿಗುತ್ತೆ ಅನ್ನುವ ಒಂದೇ ಕಾರಣಕ್ಕೆ, ಅಲ್ವಾ? ಅಡಿಯ ಕಾರಿನ ಬೆಲೆ ಇಡೀ ಕೆಲಸದ ಖರ್ಚಿನಲ್ಲಿ ಚಿಕ್ಕ ಪಾಲು. ಕಿಟ್, ಪೇಂಟ್, ಸೀಟು, ಗಾಜು, ಟೈರು, ಕ್ರೋಮ್ ಸಾಮಾನು, ಪರೀಕ್ಷೆಯ ಫೀಸು ಎಲ್ಲ ಸೇರಿದ ಮೇಲೆ ಅಲ್ಲಿ ಉಳಿಸಿದ ನಾಲ್ಕು ಕಾಸು ಲೆಕ್ಕಕ್ಕೇ ಬರುವುದಿಲ್ಲ. ಇಷ್ಟವಿಲ್ಲದ ಕಾರನ್ನು ವರ್ಷಗಟ್ಟಲೆ ಭಾನುವಾರ ಭಾನುವಾರ ಕೂತು ಕಟ್ಟುವುದಂತೂ ಆಗದ ಮಾತು. ಬ್ರಿಟನ್ನಿನಲ್ಲಿ ಅರ್ಧಕ್ಕೆ ನಿಂತ ಕಿಟ್ ಕಾರುಗಳು ಸದಾ ಮಾರಾಟಕ್ಕೆ ಇರುತ್ತವೆ. ಅವುಗಳಲ್ಲಿ ಎಷ್ಟೋ ಹೀಗೆ ಶುರುವಾದವೇ.

ಈಗ ಮುಖ್ಯ ವಿಷಯ. ಡೋನರ್ ಕಾರನ್ನು, ಅಂದರೆ ಅಡಿಗೆ ಬಳಸುವ ಹಳೇ ಕಾರನ್ನು, ಎಂಜಿನ್ ನೋಡಿ ಆರಿಸಬೇಡಿ, ಬೆಲೆ ನೋಡಿಯೂ ಬೇಡ. ಅಸ್ಥಿಪಂಜರ ನೋಡಿ. ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ ಎಷ್ಟು? ಎಂಜಿನ್ ಎಲ್ಲಿ ಕೂತಿದೆ? ಡ್ರೈವರ್ ಎಲ್ಲಿ ಕೂರುತ್ತಾನೆ? ಮುಂದಿನ ಗಾಜು ಮುಂಚಕ್ರದಿಂದ ಎಷ್ಟು ಹಿಂದೆ ನಿಲ್ಲುತ್ತದೆ? ಫೈಬರನ್ನು ಉಜ್ಜಬಹುದು, ಕತ್ತರಿಸಬಹುದು, ಮತ್ತೆ ಅಂಟಿಸಬಹುದು. ಈ ನಾಲ್ಕನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ. ರೆಪ್ಲಿಕಾ ನೋಡಿದ ಕೂಡಲೇ "ಏನೋ ಸರಿಯಿಲ್ಲ" ಅನ್ನಿಸುತ್ತದಲ್ಲ, ಆಗ ತಪ್ಪಿರುವುದು ಬಹುಪಾಲು ಈ ಅಳತೆಗಳೇ. ಲೈಟು, ಬಂಪರ್, ಬಣ್ಣ ಅಲ್ಲ.

ಸ್ಪೀಡ್‌ಸ್ಟರ್ ವಿಷಯದಲ್ಲಿ ನಿಮಗೆ ಅದೃಷ್ಟವಿದೆ. ಬೀಟಲ್ ಅದಕ್ಕೆ ಹೊರಗಿನದಲ್ಲ, ರಕ್ತ ಸಂಬಂಧಿ. ಬೀಟಲನ್ನು ರೂಪಿಸಿದವರು ಫರ್ಡಿನಾಂಡ್ ಪೋರ್ಷೆ. ಅವರ ಮಗ ಫೆರಿ ಪೋರ್ಷೆ 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್‌ನಲ್ಲಿ ಮೊದಲ 356 ಹೊರತಂದಾಗ ಅದರ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲ ಫೋಕ್ಸ್‌ವ್ಯಾಗನ್ ಮೂಲದವೇ. ಅಮೆರಿಕಕ್ಕೆ ತರಿಸಿ ಮಾರುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ 3000 ಡಾಲರ್ ಒಳಗೆ ಸಿಗುವ ಸರಳ ಕಾರು ಬೇಕು ಅಂತ ಬೆನ್ನು ಹತ್ತಿದ್ದಕ್ಕೆ 1954ರಲ್ಲಿ ಸ್ಪೀಡ್‌ಸ್ಟರ್ ಬಂತು. ಅದರ 1500 ಸಿಸಿ ಎಂಜಿನ್ನಿನ ಶಕ್ತಿ 55 ಹಾರ್ಸ್‌ಪವರ್. ಬೀಟಲಿನ 1600 ಸಿಸಿ ಎಂಜಿನ್ ಕೊಡುವುದು ಸುಮಾರು 50. "ಬೀಟಲಿನಲ್ಲಿ ದಮ್ಮಿಲ್ಲ" ಅನ್ನುವವರಿಗೆ ಇದನ್ನು ಹೇಳಿ. ಅಸಲಿಯಲ್ಲೂ ಅಷ್ಟೇ ಇತ್ತು.

ಆದರೆ ಒಂದು ತೊಡಕಿದೆ. ಬೀಟಲಿನ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) 2400 ಮಿ.ಮೀ. 356ರದ್ದು 2100. ಅಂದರೆ ಒಂದು ಅಡಿಯಷ್ಟು ಜಾಸ್ತಿ. ಅದಕ್ಕೇ ಅಳತೆಗೆ ಸರಿಯಾದ ಸ್ಪೀಡ್‌ಸ್ಟರ್ ಬಾಡಿ ಕೂರಿಸಬೇಕಾದರೆ ಬೀಟಲಿನ ಅಡಿ ಪ್ಯಾನನ್ನು (ಚಾಸಿಸ್ಸೂ ನೆಲದ ತಗಡೂ ಒಂದಾಗಿರುವ ತಳ) ನಡುವೆ ಕತ್ತರಿಸಿ, 300 ಮಿ.ಮೀ. ತೆಗೆದು, ಮತ್ತೆ ಬೆಸೆಯಬೇಕು. ಇದು ಬರೀ ತಗಡು ಕತ್ತರಿಸುವ ಕೆಲಸವಲ್ಲ. ನಡುವಿನ ಟನೆಲ್ ಒಳಗೆ ಗೇರ್ ರಾಡ್, ಕ್ಲಚ್ ಕೇಬಲಿನ ಕೊಳವೆ, ಆಕ್ಸಿಲರೇಟರ್ ಕೇಬಲ್, ಹ್ಯಾಂಡ್‌ಬ್ರೇಕ್ ಕೇಬಲ್, ಪೆಟ್ರೋಲ್ ಪೈಪ್ ಎಲ್ಲ ಸಾಗುತ್ತವೆ. ಎಲ್ಲವನ್ನೂ ಅಷ್ಟೇ ಗಿಡ್ಡ ಮಾಡಬೇಕು. ಬೆಸೆಯುವಾಗ ಹಿಂಭಾಗ ಕೂದಲೆಳೆಯಷ್ಟು ಓರೆಯಾದರೂ ಕಾರು ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ವೆಲ್ಡಿಂಗ್ ಬರಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಈ ಒಂದು ಕೆಲಸವನ್ನು ಜಿಗ್ (ಬೆಸೆಯುವಾಗ ಅಲುಗದಂತೆ ಹಿಡಿಯುವ ಚೌಕಟ್ಟು) ಇಟ್ಟುಕೊಂಡಿರುವ, ಇದನ್ನೇ ಮಾಡುವ ವೆಲ್ಡರ್ ಹತ್ತಿರ ದುಡ್ಡು ಕೊಟ್ಟು ಮಾಡಿಸಿ. ಯೂಟ್ಯೂಬ್ ನೋಡಿ ಗ್ಯಾರೇಜಿನ ನೆಲದ ಮೇಲೆ ಪ್ರಯತ್ನಿಸಬೇಡಿ.

ಕತ್ತರಿಸದ ಪ್ಯಾನಿಗೇ ಕೂರುವ ಬಾಡಿಗಳೂ ಇವೆ. ಕೆಲಸ ಸುಲಭ, ಕಾಗದ ಪತ್ರದ ತಲೆನೋವೂ ಕಡಿಮೆ. ಆದರೆ ಆ ಹೆಚ್ಚುವರಿ ಒಂದು ಅಡಿ ಎಲ್ಲಿಗೆ ಹೋಗುತ್ತೆ? ಬಾಗಿಲಿಗೆ, ಬಾಗಿಲಿನ ಹಿಂದಕ್ಕೆ. ಮೂತಿಯ ಕಡೆಯಿಂದ ನೋಡಿದರೆ ಗೊತ್ತಾಗಲ್ಲ. ಪಕ್ಕದಿಂದ ನೋಡಿದರೆ ಎಳೆದು ಉದ್ದ ಮಾಡಿದ ಹಾಗೆ ಕಾಣುತ್ತೆ. ಕಾಲು ಚಾಚಲು ಜಾಗ ಬೇಕು, ಆರು ಅಡಿ ಎತ್ತರ ಇದ್ದೀನಿ ಅಂದರೆ ಅದೇ ಸರಿ. ಇಲ್ಲ, ಚಿಕ್ಕಂದಿನಿಂದ ನೋಡಿದ ಆ ಗುಂಡು ಗುಂಡಾದ ಪುಟ್ಟ ಕಾರೇ ಬೇಕು ಅಂದರೆ ಕತ್ತರಿಸಿಯೇ ಆಗಬೇಕು. ನಿಮ್ಮ ಪತ್ರ ಓದಿದರೆ ನಿಮಗೆ ಬೇಕಾದದ್ದು ಎರಡನೆಯದು ಅನ್ನಿಸುತ್ತದೆ.

ಯಾವ ಬೀಟಲ್ ಆದರೂ ನಡೆಯುತ್ತಾ? ಇಲ್ಲ. 1302, 1303 ಅನ್ನುವ ಮಾಡೆಲ್‌ಗಳನ್ನು ಬಿಡಿ. ಇವೇ "ಸೂಪರ್ ಬೀಟಲ್". ಇವುಗಳ ಮುಂಭಾಗದಲ್ಲಿ ಮೆಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾದ ನಿಲುವು ಕಂಬ) ಇದೆ. ಸ್ಟ್ರಟ್ಟಿನ ಮೇಲ್ತುದಿ ಬೀಟಲಿನದೇ ಬಾಡಿಗೆ ಬಿಗಿದಿರುತ್ತದೆ. ನೀವು ಆ ಬಾಡಿಯನ್ನೇ ತೆಗೆದು ಬಿಸಾಕುವವರು. ಸ್ಪೀಡ್‌ಸ್ಟರ್ ಕಿಟ್ಟುಗಳಿಗೆ ಬೇಕಾದದ್ದು ಮುಂದೆ ಎರಡು ಅಡ್ಡ ಕೊಳವೆ ಇರುವ ಟಾರ್ಷನ್ ಬೀಮ್ ಕಾರು. 1966ರಿಂದ ಈಚಿನದಾದರೆ ಬಾಲ್ ಜಾಯಿಂಟ್ ಇರುತ್ತದೆ, ಬಿಡಿಭಾಗ ಸಲೀಸು. 6 ವೋಲ್ಟ್ ಕಾರು ಬೇಡ, 12 ವೋಲ್ಟ್ ತಗೊಳ್ಳಿ.

ಚಕ್ರವನ್ನೂ ನೋಡಿ. 1960ರ ದಶಕದ ಬಹುಪಾಲು ಬೀಟಲ್‌ಗಳಲ್ಲಿ ಐದು ಬೋಲ್ಟು, 205 ಮಿ.ಮೀ. ವೃತ್ತದಲ್ಲಿ ಅಗಲವಾಗಿ ಹರಡಿಕೊಂಡಿರುತ್ತವೆ. ಆಮೇಲೆ ನಾಲ್ಕು ಬೋಲ್ಟಿನ ಚಕ್ರ ಬಂತು. ಡ್ರಮ್ ಬ್ರೇಕಿನ 356ರಲ್ಲೂ ಇದೇ ಐದು ಬೋಲ್ಟು, ಇದೇ 205. ಐದು ಬೋಲ್ಟಿನ ಕಾರು ಸಿಕ್ಕರೆ ನಿಮ್ಮ ರೆಪ್ಲಿಕಾದ ಚಕ್ರ, ಹಬ್‌ಕ್ಯಾಪ್ ಅಸಲಿಯ ಹಾಗೇ ಕಾಣುತ್ತವೆ. ಇಲ್ಲದಿದ್ದರೆ ಡ್ರಮ್ ಬದಲಾಯಿಸಿ ಅದನ್ನೇ ಮಾಡಬಹುದು, ಖರ್ಚು ಅಷ್ಟೇ.

ಹಿಂದಿನ ಸಸ್ಪೆನ್ಷನ್ ಬಗ್ಗೆ ಕಿಟ್ ಕಟ್ಟುವವರ ನಡುವೆ ಜಗಳ ಮುಗಿಯುವುದೇ ಇಲ್ಲ. ಯುರೋಪಿನ ಸಾಮಾನ್ಯ ಬೀಟಲಿನಲ್ಲಿ ಸ್ವಿಂಗ್ ಆಕ್ಸಲ್ ಇರುತ್ತೆ, ಅಂದರೆ ಚಕ್ರ ಆಕ್ಸಲಿನ ಜೊತೆಗೇ ಮೇಲೆ ಕೆಳಗೆ ವಾಲುತ್ತದೆ. ತಿರುವಿನಲ್ಲಿ ಜೋರಾಗಿ ಹೋಗಿ ದಿಢೀರ್ ಅಂತ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಹೊರಚಕ್ರ ಒಳಕ್ಕೆ ಮಡಚಿಕೊಂಡು ಬಾಲ ಬೀಸುತ್ತದೆ. ಭಾನುವಾರ ಬೆಳಿಗ್ಗೆ ಹಳ್ಳಿ ರಸ್ತೆಯಲ್ಲಿ ಓಡಿಸುವವರಿಗೆ ಇದು ದೊಡ್ಡ ವಿಷಯವಲ್ಲ. 1950ರ ದಶಕದಲ್ಲಿ ಅಸಲಿಯನ್ನು ಓಡಿಸಿದವರೂ ಇದನ್ನೇ ಓಡಿಸಿದ್ದು. ಎರಡು ಲೀಟರಿನ ದೊಡ್ಡ ಎಂಜಿನ್ ಹಾಕುವ ಯೋಚನೆ ಇದ್ದರೆ ಮಾತ್ರ, ಪ್ಯಾನ್ ಕತ್ತರಿಸುವ ಹೊತ್ತಿನಲ್ಲೇ ಸ್ವತಂತ್ರ ಸಸ್ಪೆನ್ಷನ್ನಿನ ಬ್ರಾಕೆಟ್‌ಗಳನ್ನೂ ವೆಲ್ಡ್ ಮಾಡಿಸಿಬಿಡಿ.

ಕಾರು ನೋಡಲು ಹೋದಾಗ ಏನು ಮಾಡಬೇಕು ಅಂತ ಹೇಳುತ್ತೇನೆ. ಪೇಂಟ್ ನೋಡಬೇಡಿ, ಅದು ಸ್ಕ್ರ್ಯಾಪಿಗೆ ಹೋಗುವ ಪೇಂಟು. ಹಿಂದಿನ ಸೀಟು ಎತ್ತಿ. ಬಲಗಡೆ ಬ್ಯಾಟರಿ ಕೂತಿರುತ್ತದೆ. ಆ್ಯಸಿಡ್ ಸೋರಿ ಸೋರಿ ಅದರ ಅಡಿಯ ತಗಡು ಹಪ್ಪಳವಾಗಿರುವುದು ಮಾಮೂಲು. ಆಮೇಲೆ ಕಾರಿನ ಕೆಳಗೆ ಮಲಗಿ. ನೆಲದ ತಗಡಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಅಂತ ಬಡಿಯುತ್ತಾ ಹೋಗಿ. ಗಟ್ಟಿ ಇದ್ದರೆ ಗಂಟೆಯ ಹಾಗೆ ಕೇಳುತ್ತದೆ. ಮೆತ್ತಗೆ "ಡಬ್" ಅಂದರೆ ಡಾಂಬರಿನ ಪದರದ ಅಡಿಯಲ್ಲಿ ತುಕ್ಕಿದೆ. ನೆಲದ ತಗಡು ಹೋಗಿದ್ದರೆ ಭಯವಿಲ್ಲ, ಎಡ ಬಲ ಎರಡೂ ಅರ್ಧಗಳು ಹೊಸದು ಸಿಗುತ್ತವೆ. ಮುಂದಿನ ಬೀಮ್ ಬೋಲ್ಟ್ ಆಗುವ ಫ್ರೇಮ್ ಹೆಡ್ ಹೋಗಿದ್ದರೆ ಮಾತ್ರ ನಮಸ್ಕಾರ ಹೇಳಿ ಎದ್ದು ಬನ್ನಿ.

ಎಂಜಿನ್ ಆಫ್ ಇರುವಾಗ ಹಿಂದೆ ಬಗ್ಗಿ, ಕ್ರ್ಯಾಂಕ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಮತ್ತೆ ಒಳಕ್ಕೆ ತಳ್ಳಿ. "ಟಕ್" ಅಂತ ಪ್ಲೇ ಕೈಗೆ ಗೊತ್ತಾದರೆ ಮೇನ್ ಬೇರಿಂಗ್ ಮುಗಿದಿದೆ. ಅಲ್ಲಿ ಇರಬೇಕಾದ ಸಡಿಲ ಹತ್ತನೇ ಒಂದು ಮಿ.ಮೀ. ಆಸುಪಾಸು. ಕೈಗೆ ಅಷ್ಟು ಸಲೀಸಾಗಿ ಸಿಗುವಂಥದ್ದಲ್ಲ ಅದು. ಮಾರುವವರು ಎಂಜಿನ್ ಈಗಷ್ಟೇ ರೀಬಿಲ್ಡ್ ಆಗಿದೆ ಅಂದರೂ ಈ ಪರೀಕ್ಷೆ ಬಿಡಬೇಡಿ.

ಬೀಟಲ್ ತಂದಿಟ್ಟ ದಿನದಿಂದಲೇ ಯಾರಾದರೂ ಬಂದು "ಇದರಲ್ಲೇ ಪೋರ್ಷೆ 550 ಸ್ಪೈಡರ್ ಮಾಡಬಹುದಲ್ಲ" ಅಂತ ತಲೆ ತಿನ್ನುತ್ತಾರೆ. ಅದು ಬೇರೆಯೇ ಕಥೆ. 550ರಲ್ಲಿ ಎಂಜಿನ್ ಹಿಂಚಕ್ರದ ಮುಂದೆ ಇದೆ, ಬೀಟಲಿನಲ್ಲಿ ಹಿಂಚಕ್ರದ ಹಿಂದೆ. ಎಂಜಿನ್ ಗೇರ್‌ಬಾಕ್ಸ್ ಎರಡನ್ನೂ ತಿರುಗಿಸಿ ಕೂರಿಸಬೇಕು. ಹಾಗೆ ತಿರುಗಿಸಿದ ಮೇಲೆ ಡಿಫರೆನ್ಷಿಯಲಿನ ಕ್ರೌನ್ ವೀಲನ್ನು ಇನ್ನೊಂದು ಮಗ್ಗುಲಿಗೆ ಹಾಕದೆ ಹೋದರೆ ನಾಲ್ಕು ರಿವರ್ಸ್ ಗೇರು, ಒಂದೇ ಒಂದು ಮುಂದಕ್ಕೆ! ಜೊತೆಗೆ ಪೂರ್ತಿ ಹೊಸ ಕೊಳವೆ ಚಾಸಿಸ್ ಬೇಕು. ಮೊದಲ ಕಾರಿಗೆ ಅದು ಬೇಡ.

ಇನ್ನು ನಿಮ್ಮ ಸ್ನೇಹಿತರ ಎಂಎಕ್ಸ್-5. ಒಳ್ಳೇ ಕಾರು, ಅದರಲ್ಲಿ ಎರಡು ಮಾತಿಲ್ಲ. 1989ರಲ್ಲಿ ಬಂದ ಮೊದಲ ಮಾಡೆಲಿನಿಂದಲೂ ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್, ಡಿಸ್ಕ್ ಬ್ರೇಕು, ಹಿಂಚಕ್ರ ಚಾಲನೆ. ಲೋಟಸ್ ಸೆವೆನ್ ತರಹದ ಕಾರು ಕಟ್ಟುತ್ತೇನೆ ಅಂತ ನೀವು ಬರೆದಿದ್ದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸಸ್ಪೆನ್ಷನ್ ಎಲ್ಲ ಕಳಚಿ ಕಿಟ್ಟಿನ ಹೊಸ ಚಾಸಿಸ್ಸಿಗೆ ಬೋಲ್ಟ್ ಮಾಡಿದರೆ ಆಯಿತು.

ಸ್ಪೀಡ್‌ಸ್ಟರಿಗೆ ಮಾತ್ರ ಇದು ಹೊಂದುವುದಿಲ್ಲ. ಯಾಕೆ ಅಂದರೆ ಸ್ಪೀಡ್‌ಸ್ಟರಿನ ಮೂತಿಯನ್ನು ನೆನಪಿಸಿಕೊಳ್ಳಿ. ಗ್ರಿಲ್ ಇಲ್ಲ. ನುಣ್ಣಗೆ ಕೆಳಗಿಳಿಯುವ ತಗಡು ಅಷ್ಟೇ. ಹಿಂದೆ ಗಾಳಿಯಿಂದ ತಣಿಯುವ ಎಂಜಿನ್ ಇರುವುದರಿಂದ ಆ ಮೂತಿ ಸಾಧ್ಯವಾಯಿತು. ಎಂಎಕ್ಸ್-5ರಲ್ಲಿ ಎಂಜಿನ್ ಮುಂದಿದೆ, ಅದಕ್ಕೆ ರೇಡಿಯೇಟರ್ ಬೇಕು, ರೇಡಿಯೇಟರಿಗೆ ಗಾಳಿ ಬೇಕು. ಹಾಗಾಗಿ ಮೂತಿಯಲ್ಲಿ ಎಲ್ಲೋ ಒಂದು ಬಾಯಿ ತೆಗೆಯಲೇಬೇಕು. ನೆಟ್ಟಗೆ ನಿಂತಿರುವ ಎಂಜಿನ್ ಮೇಲೆ ಬಾನೆಟ್ ಮುಚ್ಚಬೇಕಾದರೆ ಅದನ್ನು ಎತ್ತರಿಸಬೇಕು. ಮುಂದಿನ ಗಾಜಿನ ಫ್ರೇಮ್ ಎತ್ತರ, ಅದು ಬಾಡಿಗೆ ಅಂಟಿಕೊಂಡೇ ಇರುತ್ತದೆ. ಸ್ಪೀಡ್‌ಸ್ಟರಿನದು ಬೋಲ್ಟ್ ಬಿಚ್ಚಿ ತೆಗೆಯುವಂಥ ಗಿಡ್ಡ ಗಾಜು. ಎಂಎಕ್ಸ್-5ರ ವೀಲ್‌ಬೇಸ್ 2265 ಮಿ.ಮೀ., ಅದೂ ಉದ್ದವೇ. ಇಷ್ಟೆಲ್ಲ ಆದ ಮೇಲೆ ಸ್ಟಾರ್ಟ್ ಮಾಡಿದರೆ ಬರುವುದು ಮಾಜ್ದಾದ ಸದ್ದು. ಆ ಬಡ ಬಡ ಶಬ್ದ ಇಲ್ಲದ ಸ್ಪೀಡ್‌ಸ್ಟರ್ ನನಗಂತೂ ಬೇಡ.

ಆದರೂ ಎಂಎಕ್ಸ್-5 ತಗೊಳ್ಳುತ್ತೇನೆ ಅಂದರೆ ಮೂರು ಜಾಗ ನೋಡಿ. ಹಿಂಚಕ್ರದ ಮುಂದಿನ ಸಿಲ್ (ಬಾಗಿಲಿನ ಕೆಳಗಿನ ತೊಲೆ) ತುಕ್ಕು ಹಿಡಿಯುವುದು ಇದರ ಜನ್ಮದೋಷ. ಎರಡನೇ ತಲೆಮಾರಿನ ಕಾರಾದರೆ ಮುಂದಿನ ಚಾಸಿಸ್ ರೈಲುಗಳನ್ನೂ ನೋಡಿ. ತೀರಾ ಮೊದಲಿನ 1.6 ಎಂಜಿನ್ ಆದರೆ ಕ್ರ್ಯಾಂಕ್ ಪುಲ್ಲಿಯಲ್ಲಿ ಎಷ್ಟು ಸೀಳುಗಳಿವೆ ಅಂತ ಎಣಿಸಿ. ನಾಲ್ಕು ಇದ್ದರೆ ಅದು ಗಿಡ್ಡ ಮೂಗಿನ ಕ್ರ್ಯಾಂಕ್, ಕೀಲಿ ಕೂರುವ ಕಚ್ಚು ಸವೆಯುವ ಕಾಯಿಲೆ ಅದಕ್ಕಿದೆ. ಎಂಟು ಇದ್ದರೆ ನೆಮ್ಮದಿ.

ಝಡ್3 ಮೇಲಿನ ಜಿಟಿಒ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅಸ್ಥಿಪಂಜರದ ಲೆಕ್ಕದಲ್ಲಿ ಅದು ಕೆಟ್ಟ ಆಯ್ಕೆಯಲ್ಲ. ಅಸಲಿ 250 ಜಿಟಿಒ ವೀಲ್‌ಬೇಸ್ 2400 ಮಿ.ಮೀ., ಝಡ್3ಯದು 2446. ಉದ್ದ ಬಾನೆಟ್, ಹಿಂಚಕ್ರದ ಹತ್ತಿರ ಡ್ರೈವರ್, ಮುಂದೆ ಎಂಜಿನ್, ಹಿಂದೆ ಚಾಲನೆ. ಎರಡಕ್ಕೂ ಹೋಲಿಕೆ ಇದೆ. ಇದೇ ಕಾರಣಕ್ಕೆ ಮೊದಲು ಡಾಟ್ಸನ್ 240ಝಡ್ ಮೇಲೂ ಇಂಥ ಬಾಡಿಗಳನ್ನು ಕೂರಿಸುತ್ತಿದ್ದರು. ಇಲ್ಲಿ ಹಳೇ ಬಾಡಿಯ ಹೊರ ಪ್ಯಾನಲ್ ತೆಗೆದು ಫೈಬರ್ ಪ್ಯಾನಲ್ ಅಂಟಿಸುವುದು, ಒಳಗಿನ ಮೊನೊಕಾಕ್ (ಚಾಸಿಸ್ಸೂ ಬಾಡಿಯೂ ಒಂದೇ ಆದ ಗೂಡು) ಹಾಗೇ ಉಳಿಯುತ್ತದೆ. ವೆಲ್ಡಿಂಗ್ ಬಾರದವರಿಗೆ ಇದು ಅನುಕೂಲ.

ನಿಮ್ಮ ಪರಿಚಯದವರ ಕಾರಿನ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಡಿಫರೆನ್ಷಿಯಲ್ ನೇತಾಡುವ ಜಾಗದಲ್ಲಿ ಡಿಕ್ಕಿಯ ನೆಲದ ಸ್ಪಾಟ್ ವೆಲ್ಡ್‌ಗಳು ಬಿಟ್ಟುಕೊಳ್ಳುವುದು ಝಡ್3ಯ ಹೆಸರುವಾಸಿ ರೋಗ. ಬಹಳ ದಿನದಿಂದ ನಿಂತಿರುವ ಕಾರಾದರೆ ಕೀ ಕೂಡ ಕೇಳಿ. ಕೀ, ಇಮ್ಮೊಬಿಲೈಸರ್, ಎಂಜಿನ್ ಕಂಪ್ಯೂಟರ್ ಮೂರೂ ಒಂದಕ್ಕೊಂದು ಗುರುತು ಹಿಡಿದರೇ ಸ್ಟಾರ್ಟ್ ಆಗುವುದು. ಇನ್ನೊಂದು ಮಾತು, ಅಸಲಿ ಜಿಟಿಒ ಇರುವುದು 36 ಮಾತ್ರ. 2019ರಲ್ಲಿ ಇಟಲಿಯ ಬೊಲೊನ್ಯಾ ನ್ಯಾಯಾಲಯ ಆ ಕಾರಿನ ಆಕಾರವನ್ನು ಕಲಾಕೃತಿ ಅಂತಲೇ ಒಪ್ಪಿ ರಕ್ಷಣೆ ಕೊಟ್ಟಿದೆ. ಯಾವ ರೆಪ್ಲಿಕಾ ಆದರೂ ಕಂಪನಿಯ ಬ್ಯಾಡ್ಜ್ ಮಾತ್ರ ಹಚ್ಚಬೇಡಿ. ಫೆರಾರಿಯ ಕುದುರೆಯೂ ಬೇಡ, ಪೋರ್ಷೆ ಲಾಂಛನವೂ ಬೇಡ.

ಈಗ ಕಾಗದ ಪತ್ರ. ಬ್ರಿಟನ್ನಿನಲ್ಲಿ ಕಿಟ್ ಕಾರು ಬೆಳೆದದ್ದೇ ಅಡಿಯ ಚಾಸಿಸ್ ಬೇರೆ, ಮೇಲಿನ ಬಾಡಿ ಬೇರೆ ಇದ್ದ ಕಾರುಗಳಿಂದ. ಬೀಟಲ್ ಒಂದು, ಟ್ರಯಂಫ್ ಹೆರಾಲ್ಡ್ ಇನ್ನೊಂದು. ನಮ್ಮ ಅಪ್ಪಂದಿರ ಕಾಲದವರು ಕಂಡ, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಅದೇ. ಬೋಲ್ಟ್ ಬಿಚ್ಚಿದರೆ ಬಾಡಿ ಮೇಲಕ್ಕೆ ಬರುತ್ತಿತ್ತು, ಇನ್ನೊಂದು ಕೂರುತ್ತಿತ್ತು, ನಂಬರ್ ಪ್ಲೇಟ್ ಹಳೆಯದೇ. ಆಮೇಲೆ ಅಲ್ಲಿ ವಾಹನ ನೋಂದಾಯಿಸುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ ಅಂಕದ ಪದ್ಧತಿ ತಂದಿತು. ಎಂಟು ಅಂಕ ಬಂದರೆ ಹಳೇ ನಂಬರ್ ಉಳಿಯುತ್ತಿತ್ತು, ಅದರಲ್ಲಿ ಐದು ಅಂಕ ಬದಲಾಗದ ಚಾಸಿಸ್ಸಿಗೇ ಇತ್ತು. ಪ್ಯಾನ್ ಕತ್ತರಿಸಿದರೆ ಆ ಐದೂ ಹೋಗುತ್ತಿತ್ತು. ಆಗ ಐವಿಎ ಪರೀಕ್ಷೆ (ಒಂದೊಂದು ಕಾರನ್ನೇ ಬಿಡಿಯಾಗಿ ನೋಡಿ ಒಪ್ಪಿಗೆ ಕೊಡುವ ಸುರಕ್ಷತಾ ಪರೀಕ್ಷೆ), ಆಮೇಲೆ ಮೂಲ ಖಚಿತವಿಲ್ಲದ ಕಾರಿಗೆ ಕೊಡುವ 'ಕ್ಯೂ' ನಂಬರ್ ಪ್ಲೇಟ್ ಬೇಕಾಗುತ್ತಿತ್ತು. ಈ ನಿಯಮಗಳು ಈಚೆಗೆ ಬದಲಾಗಿವೆ. ಆದ್ದರಿಂದ ಹಳೇ ಕಥೆಗಳನ್ನು ನಂಬದೆ, ಗ್ರೈಂಡರ್ ಕೈಗೆ ತಗೊಳ್ಳುವ ಮೊದಲೇ ನಿಮ್ಮ ಕಾರಿನ ವಿವರ ಬರೆದು ಡಿವಿಎಲ್‌ಎಯಿಂದ ಲಿಖಿತ ಉತ್ತರ ಪಡೆದುಕೊಳ್ಳಿ.

ಐವಿಎ ಪರೀಕ್ಷೆ ಬೇಕಾದರೆ ಹೆದರಬೇಡಿ, ಆದರೆ ಮೊದಲ ದಿನದಿಂದಲೇ ಅದನ್ನು ಮನಸ್ಸಿನಲ್ಲಿಟ್ಟು ಕಟ್ಟಿ. ತಾಗುವ ಜಾಗದಲ್ಲಿರುವ ಪ್ರತಿ ಅಂಚೂ ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ಹಳೇ ಕಾಲದ ಚೂಪು ಕ್ರೋಮ್ ಕನ್ನಡಿ, ಸ್ವಿಚ್ಚು, ಬಂಪರ್ ತುದಿ ಎಲ್ಲ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹೊಗೆ ಪರೀಕ್ಷೆಯ ಮಟ್ಟ ಎಂಜಿನ್ನಿನ ವಯಸ್ಸಿನ ಮೇಲೆ ನಿಂತಿದೆ. ಎಂಜಿನ್ ಯಾವ ವರ್ಷದ್ದು ಅನ್ನುವುದಕ್ಕೆ ಪುರಾವೆ ಜೋಪಾನ ಮಾಡಿ.

ಕೊಳ್ಳುವಾಗ ಬಿಡಿಬಿಡಿಯಾಗಿ ಡಬ್ಬದಲ್ಲಿ ತುಂಬಿದ ಕಾರು ಬೇಡ. ಓಡುವ ಕಾರು, ಹೆಸರು ನಂಬರ್ ಹೊಂದುವ ವಿ5ಸಿ (ನಮ್ಮ ಆರ್‌ಸಿ ಪುಸ್ತಕದಂಥದ್ದು) ಇರುವ ಕಾರು ತಗೊಳ್ಳಿ. ನಂಬರ್ ಹಾಕಿದರೆ ಎಂಒಟಿ (ವರ್ಷಕ್ಕೊಮ್ಮೆ ಆಗುವ ಸುರಕ್ಷತಾ ತಪಾಸಣೆ) ಚರಿತ್ರೆ ಸರ್ಕಾರದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ. 'ಕೊರೋಷನ್' ಅನ್ನುವ ಮಾತು ಎಷ್ಟು ಸಲ, ಯಾವ ಜಾಗಕ್ಕೆ ಬಂದಿದೆ ನೋಡಿ. ಎಂಒಟಿ ವಿನಾಯಿತಿ ಪಡೆದ ಹಳೇ ಬೀಟಲ್ ಆದರೆ ಈಚಿನ ವರ್ಷಗಳು ಅಲ್ಲಿ ಖಾಲಿ ಇರಬಹುದು, ಆಗ ನಿಮ್ಮ ಸ್ಕ್ರೂಡ್ರೈವರೇ ಗತಿ. ಇನ್ಶೂರೆನ್ಸ್‌ನವರು ಅಪಘಾತದ ನಂತರ 'ಕ್ಯಾಟ್ ಎಸ್' ಅಂತ ಗುರುತು ಹಾಕಿರುವ ಕಾರಿನ ಅಸ್ಥಿಗೆ ಪೆಟ್ಟು ಬಿದ್ದಿರುತ್ತದೆ. ಸಾಮಾನು ಕಳಚಿ ಹೊಸ ಚಾಸಿಸ್ಸಿಗೆ ಹಾಕುವವರಿಗೆ ಅದು ನಡೆದೀತು, ಪ್ಯಾನ್ ಉಳಿಸಿಕೊಳ್ಳುವ ನಿಮಗೆ ಬೇಡ. ತಂದ ಮೇಲೆ ಕೂಡಲೇ ಬಿಚ್ಚಬೇಡಿ. ಒಂದು ತಿಂಗಳು ಓಡಿಸಿ. ಎರಡನೇ ಗೇರು ಜಾರುತ್ತಾ, ಸ್ಟಿಯರಿಂಗ್ ಬಾಕ್ಸ್ ಸಡಿಲವಾ, ಬ್ರೇಕ್ ಎಳೆಯುತ್ತಾ ಎಲ್ಲ ಆಗಲೇ ಗೊತ್ತಾಗಬೇಕು. ಕಾರು ಪೂರ್ತಿ ಕಟ್ಟಿದ ಮೇಲೆ ಗೊತ್ತಾದರೆ ಆ ಸದ್ದು ಹಳೆಯದೋ ನಿಮ್ಮ ಕೆಲಸದಿಂದ ಬಂದದ್ದೋ ಅಂತ ಪತ್ತೆ ಹಚ್ಚುವುದು ಕಷ್ಟ.

ಇನ್ಶೂರೆನ್ಸ್ ಕಂಪನಿಗೆ ರೆಪ್ಲಿಕಾ ಅಂತ ನೇರವಾಗಿ ಹೇಳಿ, ಬೆಲೆ ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ತಗೊಳ್ಳಿ.

ಊರಿಗೆ ತರುವ ವಿಷಯ. ಆಸೆ ಬಿಡಿ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು ಅನ್ನುವುದು ಮಾಮೂಲು ನಿಯಮ. 1960ರ ದಶಕದ ಪ್ಯಾನ್, ಹೊಸ ಬಾಡಿ, ಕ್ಯೂ ಪ್ಲೇಟ್ ಇರುವ ಕಾರನ್ನು ಕಸ್ಟಮ್ಸ್‌ನವರ ಮುಂದೆ ಏನಂತ ತೋರಿಸುತ್ತೀರಿ? ದಾವಣಗೆರೆಯಲ್ಲೇ ಹಳೇ ಕಾರಿನ ಮೇಲೆ ಕಟ್ಟುತ್ತೇನೆ ಅಂದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆರ್‌ಟಿಒ ಕಚೇರಿಯಲ್ಲಿ ಅಂಥ ಕಾರಿಗೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಕಾವೆಂಟ್ರಿಯಲ್ಲೇ ಕಟ್ಟಿ, ಅಲ್ಲೇ ಓಡಿಸಿ. ವಾಪಸ್ ಬರುವಾಗ ಅಲ್ಲೇ ಮಾರಿ. ಅಳತೆಗೆ ಸರಿಯಾಗಿ ಕತ್ತರಿಸಿದ ಪ್ಯಾನ್, ಕೆಲಸದ ಪ್ರತಿ ಹಂತದ ಫೋಟೊ, ಎಲ್ಲ ರಸೀದಿ ಇರುವ ಫೈಲ್ ಜೊತೆಗಿದ್ದರೆ ಕೊಳ್ಳುವವರು ಸಿಗುತ್ತಾರೆ. ಆ ಫೈಲನ್ನು ಬೀಟಲ್ ನೋಡಲು ಹೋಗುವ ದಿನವೇ ಶುರು ಮಾಡಿ.